ಸೋತ ಸಿನಿಮಾ ಎಲ್ಲ ಕೆಟ್ಟದ್ದಲ್ಲ

ಮಾನ್ಯ ಸಂಪಾದಕರೇ,

ಅತಿ ಕೆಟ್ಟ ಸಿನಿಮಾ ಯಾವುದು ಅನ್ನೋ ಚರ್ಚೆ ಶುರುವಾದರೆ ಸಾಕು, ಮಕಾಡೆ ಮಲಗಿದ ಚಿತ್ರಗಳನ್ನೆಲ್ಲ ಅದೇ ಪಟ್ಟಿಗೆ ಸೇರಿಸಿಬಿಡುತ್ತಾರೆ. ಇದು ಅನ್ಯಾಯ. ದುಡ್ಡು ಬರಲಿಲ್ಲ ಅನ್ನುವುದು ಲೆಕ್ಕದ ಮಾತು. ಚಿತ್ರ ಚೆನ್ನಾಗಿಲ್ಲ ಅನ್ನುವುದು ಬೇರೆಯೇ ಮಾತು, ಅಲ್ವಾ?

1994ರ ‘ದಿ ಶಾಶಾಂಕ್ ರಿಡೆಂಪ್ಷನ್’ ನೋಡಿ. ಸುಮಾರು 2.5 ಕೋಟಿ ಡಾಲರ್ ಖರ್ಚಾಗಿತ್ತು. ಮೊದಲ ಬಿಡುಗಡೆಯಲ್ಲಿ ಹಾಕಿದ ದುಡ್ಡೂ ಹುಟ್ಟಲಿಲ್ಲ. 7 ವಿಭಾಗಗಳಲ್ಲಿ ಆಸ್ಕರ್‌ಗೆ ನಾಮನಿರ್ದೇಶನವಾದರೂ ಒಂದೂ ಪ್ರಶಸ್ತಿ ಬರಲಿಲ್ಲ. ಆಮೇಲೆ ವಿಡಿಯೊ ಕ್ಯಾಸೆಟ್, ಟಿ.ವಿ.ಗಳಲ್ಲಿ ಜನ ಅದರ ಕೈಹಿಡಿದರು. ಜೈಲಿನಿಂದ ತಪ್ಪಿಸಿಕೊಂಡು, ಸುರಿಯುವ ಮಳೆಯಲ್ಲಿ ಎರಡೂ ಕೈ ಚಾಚಿ ನಿಲ್ಲುವ ಆ ಕೈದಿಯನ್ನು ಮರೆಯೋದು ಸಾಧ್ಯವೇ?

‘ಹೆವನ್ಸ್ ಗೇಟ್’ (1980) ಸೋಲಿನ ಹೊಡೆತಕ್ಕಂತೂ ಅದಕ್ಕೆ ದುಡ್ಡು ಹಾಕಿದ್ದ ಹಾಲಿವುಡ್‌ನ ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯೇ ಮಾರಾಟವಾಯಿತು. ಖರ್ಚು ಮಿತಿಮೀರಿದ್ದು ನಿಜ. ಆದರೆ ಅಲ್ಲಿ ಒಬ್ಬ ನಿರ್ದೇಶಕನ ಹಟ, ದುಡಿಮೆ ಕಾಣುತ್ತದೆ.

ನನ್ನ ಸಿಟ್ಟು ಇರುವುದು ಬೇರೆ ಚಿತ್ರಗಳ ಮೇಲೆ. ಕತೆಯೇ ಇಲ್ಲದೆ, ಸುಮ್ನೆ ಸ್ಟಾರ್ ಹೆಸರಿನಲ್ಲಿ ಮೊದಲ ವಾರವೇ ಗಲ್ಲಾಪೆಟ್ಟಿಗೆ ತುಂಬಿಸಿಕೊಳ್ಳುವ ಚಿತ್ರಗಳು ಈ ಪಟ್ಟಿಗಳಲ್ಲಿ ಕಾಣುವುದೇ ಕಡಿಮೆ. ಕೆಟ್ಟ ಸಿನಿಮಾ ಅಂತ ಮೊದಲು ಅವುಗಳ ಹೆಸರು ಬರೆಯಿರಿ.

– ಒಬ್ಬ ಸಿನಿಮಾಪ್ರೇಮಿ