ಕ್ಯಾರವಾನ್ ಕೊಂಡಿಯ ಎತ್ತರ: ಒಂದು ಪ್ಲೇಟ್ ಹಾಕಿದರೆ ಮುಗಿಯಿತೇ?

ಮಾನ್ಯ ಸಂಪಾದಕರೇ,

ಕಾರಿನ ಹಿಂದೆ ಕ್ಯಾರವಾನ್, ಅಂದರೆ ಚಕ್ರದ ಮೇಲಿನ ಮನೆ, ಎಳೆಯುವವರಿಗಾಗಿ ನಿಮ್ಮ ವಾಹನ ಪುರವಣಿಯಲ್ಲಿ ಬಂದ ಲೇಖನ ಒಟ್ಟಾರೆ ಚೆನ್ನಾಗಿತ್ತು. ಒಂದು ಸಾಲು ಮಾತ್ರ ನುಂಗಲಾಗಲಿಲ್ಲ: ಜೋಡಿಸಿದ ಮೇಲೆ ಕ್ಯಾರವಾನಿನ ಮೂತಿ ಮೇಲೆದ್ದಿದ್ದರೆ ಒಂದು ಡ್ರಾಪ್ ಪ್ಲೇಟ್ (ಬಾಲನ್ನು ಕೆಳಗಿಳಿಸಲು ನಡುವೆ ಕೂರಿಸುವ ಉಕ್ಕಿನ ಫಲಕ) ಹಾಕಿಸಿ ಟೋ ಬಾಲ್ (ಕ್ಯಾರವಾನಿನ ಕೊಂಡಿ ಕೂರುವ, ಕಾರಿನ ಹಿಂಬದಿಯ ಉಕ್ಕಿನ ಗುಂಡು) ತಗ್ಗಿಸಿಕೊಳ್ಳಿ, ಎರಡು ಬೋಲ್ಟಿನ ಕೆಲಸ ಎಂಬುದು. ಬೋಲ್ಟ್ ಎರಡೇ, ಒಪ್ಪಿದೆ. ಆದರೆ ಒಂದೂವರೆ ಟನ್ ತೂಕದ ಮನೆ ನಿಮ್ಮ ಬೆನ್ನಿಗೆ ಅಂಟಿಕೊಂಡಿರುವುದು ಅದೇ ಎರಡು ಬೋಲ್ಟಿನ ಮೇಲೆ. ವಾಹನ ತಪಾಸಣೆಯಲ್ಲಿ ಕೆಲಸ ಮಾಡಿದವನಾಗಿ, ಲೇಖನ ಬಿಟ್ಟುಬಿಟ್ಟ ಸಂಗತಿಗಳನ್ನು ಬರೆಯುತ್ತಿದ್ದೇನೆ.

ಮೂತಿ ಮೇಲೆದ್ದಿರುವುದು ನಿಜವಾದ ಸಮಸ್ಯೆಯೇ, ಅದರಲ್ಲಿ ತಕರಾರಿಲ್ಲ. ಒಂದೇ ಅಚ್ಚಿನ (ಆಕ್ಸಲ್) ಕ್ಯಾರವಾನಿನಲ್ಲಿ ಕೊಂಡಿ ಮೇಲೇರಿದಷ್ಟೂ ಭಾರದ ಕೇಂದ್ರ ತುಸು ಹಿಂದಕ್ಕೆ ವಾಲುತ್ತದೆ, ಕೊಂಡಿಯ ಮೇಲೆ ಬೀಳುವ ಭಾರ, ಅಂದರೆ ನೋಸ್ ವೇಟ್, ಕಡಿಮೆಯಾಗುತ್ತದೆ. ನೋಸ್ ವೇಟ್ ಕಡಿಮೆಯಾದ ಕ್ಯಾರವಾನ್ ವೇಗ ಹೆಚ್ಚಿದಾಗ ಬಾಲ ಬೀಸತೊಡಗುತ್ತದೆ. ದೊಡ್ಡ ಲಾರಿಯೊಂದು ಪಕ್ಕದಲ್ಲಿ ದಾಟಿಹೋದಾಗ ಆ ಬೀಸು ಹೇಗೆ ಬೆಳೆಯುತ್ತದೆ ಎಂದು ಅನುಭವಿಸಿದವರಿಗೆ ವಿವರಿಸಬೇಕಿಲ್ಲ. ಎರಡು ಅಚ್ಚಿನದರಲ್ಲಿ ಲೆಕ್ಕವೇ ಬೇರೆ. ಅಲ್ಲಿ ಮೂತಿ ಮೇಲೆದ್ದರೆ ಮುಂದಿನ ಅಚ್ಚು ಹಗುರಾಗಿ ಹಿಂದಿನ ಅಚ್ಚು ಅದರ ಪಾಲನ್ನೂ ಹೊರುತ್ತದೆ, ಜೊತೆಗೆ ಕೊಂಡಿಯ ಭಾರ ಏರುತ್ತದೆ. ಹಿಂದಿನ ಟೈರ್ ಬಿಸಿಯಾಗುತ್ತದೆ, ಹಗುರಾದ ಮುಂದಿನ ಚಕ್ರ ಬ್ರೇಕ್ ಹಾಕಿದಾಗ ಬೇಗ ಜಾರುತ್ತದೆ. ಆದ್ದರಿಂದಲೇ ಎರಡು ಅಚ್ಚಿನವರು ಕೊಂಡಿಯ ಭಾರವನ್ನು ಕಾರಿಗೆ ಜೋಡಿಸಿದಾಗ ಇರುವ ಎತ್ತರದಲ್ಲೇ ಅಳೆಯಬೇಕು. ಮನೆ ಮುಂದೆ ಕಲ್ಲಿನ ಮೇಲೆ ತಕ್ಕಡಿ ಇಟ್ಟು ಅಳೆದದ್ದು ಲೆಕ್ಕಕ್ಕಿಲ್ಲ.

ಹಾಗಾದರೆ ಎಷ್ಟು ಎತ್ತರ ಸರಿ? ಯುರೋಪಿನಲ್ಲಿ ನಡೆಯುವ ವಿಶ್ವಸಂಸ್ಥೆಯ 55ನೇ ನಿಯಮಾವಳಿ ಕಾರಿನ ಟೋ ಬಾಲಿನ ಮಧ್ಯಬಿಂದು ನೆಲದಿಂದ 350ರಿಂದ 420 ಮಿ.ಮೀ. ನಡುವೆ ಇರಬೇಕೆನ್ನುತ್ತದೆ. ಅದೂ ಕಾರು ಭಾರ ತುಂಬಿಕೊಂಡಿರುವಾಗ. ಕ್ಯಾರವಾನಿಗೆ ಬೇರೆ ಅಳತೆ: ಅದರ ನೆಲ ಸಮತಟ್ಟಾಗಿದ್ದಾಗ ಕೊಂಡಿಯ ಮಧ್ಯ 430 ಮಿ.ಮೀ., ಹೆಚ್ಚು ಕಡಿಮೆ 35. ಅಂದರೆ 395ರಿಂದ 465. ಈ ಎರಡು ಅಳತೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದವರು ಕಡಿಮೆ. ಕಾರು ನಿಯಮದೊಳಗೆ, ಕ್ಯಾರವಾನೂ ನಿಯಮದೊಳಗೆ, ಆದರೂ ಎರಡರ ನಡುವೆ 115 ಮಿ.ಮೀ. ತನಕ ವ್ಯತ್ಯಾಸ ಬರಬಹುದು! ಎರಡರ ಮಧ್ಯದ ಅಂಕಿಗಳನ್ನೇ ತೆಗೆದುಕೊಂಡರೂ ಕಾರಿನ ಬಾಲ್ 45 ಮಿ.ಮೀ. ಕೆಳಗೇ ಇರುತ್ತದೆ. ಮೂತಿ ಸ್ವಲ್ಪ ಬಗ್ಗಿರಲಿ ಎಂಬ ಒಲವು ಆ ಅಂಕಿಗಳಲ್ಲೇ ಅಡಗಿದೆ. ಕೊಂಡಿಯಿಂದ ಅಚ್ಚಿಗೆ ನಾಲ್ಕು ಮೀಟರ್ ಇದ್ದರೆ 45 ಮಿ.ಮೀ. ಒಂದು ಡಿಗ್ರಿಯ ವಾಲನ್ನೂ ತರುವುದಿಲ್ಲ. ಅದನ್ನು ಕಂಡು ಗಾಬರಿಯಾಗಿ ಕೊಂಡಿ ಎತ್ತರಿಸಲು ಹೊರಡುವವರೂ ಇದ್ದಾರೆ. ಅವರಿಗೆ ಹೇಳಬೇಕಾದದ್ದು, ಸುಮ್ಮನಿರಿ ಎಂದಷ್ಟೇ.

ಈ ಮೇಲ್ಮಿತಿಗೆ ಒಂದು ವಿನಾಯಿತಿ ಇದೆ, ಗೊಂದಲ ಹುಟ್ಟುವುದೂ ಅಲ್ಲೇ. ಕಾಡುದಾರಿಯ ವಾಹನವೆಂದು, ಅಂದರೆ ‘ಜಿ’ ವರ್ಗದಲ್ಲಿ ಅನುಮೋದನೆ ಪಡೆದವುಗಳಿಗೆ 350–420ರ ಕಟ್ಟು ಅನ್ವಯಿಸುವುದಿಲ್ಲ. ನಾಲ್ಕು ಚಕ್ರಕ್ಕೂ ಶಕ್ತಿ ಹರಿಯುವ ಎತ್ತರದ ಗಾಡಿಗಳಲ್ಲಿ ಬಾಲ್ 450 ಮಿ.ಮೀ. ದಾಟಿದ್ದರೆ ಅದು ತಪ್ಪೇನಲ್ಲ. ಆದರೆ ನೋಡಲು ಎಸ್‌ಯುವಿಯಂತಿರುವ ಎಷ್ಟೋ ಗಾಡಿಗಳು ಕಾಗದದಲ್ಲಿ ಸಾಮಾನ್ಯ ಕಾರುಗಳೇ. ವಿನಾಯಿತಿ ಇರುವುದು ಅನುಮೋದನೆಯ ಪತ್ರದಲ್ಲಿ ಬರೆದ ವರ್ಗಕ್ಕೆ, ಬಾನೆಟ್ಟಿನ ಗತ್ತಿಗಲ್ಲ.

ಈಗ ಪ್ಲೇಟಿನ ವಿಷಯ. ಟೋ ಬಾರ್, ಅಂದರೆ ಬಾಲನ್ನು ಹೊತ್ತು ಕಾರಿನ ಹಿಂಬದಿಗೆ ಕೂತ ಉಕ್ಕಿನ ಚೌಕಟ್ಟು, ಅಂಗಡಿಯಲ್ಲಿ ಕೊಂಡ ಕಬ್ಬಿಣದ ತುಂಡಲ್ಲ, ಪರೀಕ್ಷೆ ದಾಟಿ ಬಂದ ವಸ್ತು. ಅದೇ 55ನೇ ನಿಯಮಾವಳಿಯಂತೆ ಬಾರನ್ನೂ ಬಾಲನ್ನೂ ಯಂತ್ರಕ್ಕೆ ಕಟ್ಟಿ 20 ಲಕ್ಷ ಸಲ ಎಳೆದು ತಳ್ಳಿ ನೋಡುತ್ತಾರೆ, ಬಿರುಕು ಬಿಡಬಾರದು. ಎಷ್ಟು ಬಲದಿಂದ ಎಂಬುದು ಕಾರು, ಕ್ಯಾರವಾನ್ ಎರಡರ ತೂಕದಿಂದ ಲೆಕ್ಕ ಹಾಕುವ ‘ಡಿ’ ಎಂಬ ಮೌಲ್ಯದಿಂದ ಬರುತ್ತದೆ. 1,800 ಕೆ.ಜಿ. ಕಾರು 1,500 ಕೆ.ಜಿ. ಕ್ಯಾರವಾನ್ ಎಳೆದರೆ ಆ ಮೌಲ್ಯ ಸುಮಾರು 8 ಕಿಲೋನ್ಯೂಟನ್. ಬಾಲ್ ಅದರ ಮೂಲ ಜಾಗದಲ್ಲಿದ್ದಾಗ ಬಲ ಹೇಗೆ ಹಾಯುತ್ತದೆಂದು ತಯಾರಕರು ಲೆಕ್ಕ ಹಾಕಿ ಬಾರ್ ಮಾಡಿರುತ್ತಾರೆ. ನೀವು 100 ಮಿ.ಮೀ. ಕೆಳಗಿಳಿಸಿದಿರಿ ಎನ್ನಿ. ಅದೇ 8 ಕಿಲೋನ್ಯೂಟನ್ ಈಗ ಸನ್ನೆಗೋಲಿನಂತೆ 800 ನ್ಯೂಟನ್ ಮೀಟರಿನ ತಿರುಚನ್ನು ಹೊಸದಾಗಿ ತಂದು ಬಾರಿನ ಮೇಲೆ ಹೇರುತ್ತದೆ. ಹೊರಡುವಾಗ ಒಂದು ದಿಕ್ಕಿಗೆ, ಬ್ರೇಕ್ ಹಿಡಿದಾಗ ಇನ್ನೊಂದು ದಿಕ್ಕಿಗೆ, ಪ್ರತಿ ಗುಂಡಿಯಲ್ಲೂ ಹಿಂದಕ್ಕೂ ಮುಂದಕ್ಕೂ. ಇಂಥ ಕಡೆ ಉಕ್ಕು ಒಂದೇ ಏಟಿಗೆ ಮುರಿಯುವುದಿಲ್ಲ. ದಣಿದು, ಬಣ್ಣದ ಕೆಳಗೆ ಕೂದಲೆಳೆಯ ಬಿರುಕು ಬಿಟ್ಟು, ಒಂದು ದಿನ ಕೈಕೊಡುತ್ತದೆ. ಪ್ಲೇಟಿನ ದಪ್ಪದಷ್ಟು ಬಾಲ್ ಹಿಂದಕ್ಕೂ ಸರಿಯುತ್ತದೆ, ಅದು ಬೇರೆ.

ಅಂಥ ದಿನಕ್ಕೆಂದೇ ಕ್ಯಾರವಾನಿಗೆ ಒಂದು ತಂತಿ ಇರುತ್ತದೆ. ಕೊಂಡಿ ಕಳಚಿದರೆ ಅದು ಜಗ್ಗಿ ಕ್ಯಾರವಾನಿನ ಬ್ರೇಕ್ ಹಿಡಿಸಿ ತಾನು ತುಂಡಾಗುತ್ತದೆ. ಆ ತಂತಿಯನ್ನು ಬಾಲಿನ ಕುತ್ತಿಗೆಗೋ ಹೊಸ ಪ್ಲೇಟಿನ ತೂತಿಗೋ ಸಿಕ್ಕಿಸಿದವರನ್ನು ಕಂಡಿದ್ದೇನೆ. ಪ್ಲೇಟೇ ಮುರಿದು ಬಿದ್ದರೆ ತಂತಿಯೂ ಅದರ ಜೊತೆಗೇ ಹೋಗುತ್ತದೆ, ಬ್ರೇಕ್ ಹಿಡಿಸುವವರು ಯಾರು? ತಂತಿಯ ಜಾಗ ಕಾರಿಗೆ ಗಟ್ಟಿಯಾಗಿ ಕೂತ ಬಾರಿನ ಮೇಲೆ, ಅದಕ್ಕೆಂದೇ ಕೊಟ್ಟ ಬಳೆಯಲ್ಲಿ.

ಕಾನೂನು ಏನನ್ನುತ್ತದೆ? ಬ್ರಿಟನ್ನಿನಲ್ಲಿ 1998ರ ಆಗಸ್ಟ್ 1ರಿಂದ ಬಳಕೆಗೆ ಬಂದ, ಯುರೋಪಿನ ಮಾದರಿ ಅನುಮೋದನೆ (ಒಂದು ಮಾದರಿಯ ವಾಹನವನ್ನು ಪರೀಕ್ಷಿಸಿ ಕೊಡುವ ಒಪ್ಪಿಗೆ) ಇರುವ ಕಾರುಗಳಿಗೆ ಟೋ ಬಾರ್ ಕೂಡ ಅನುಮೋದಿತವೇ ಆಗಿರಬೇಕು. ಬಾರಿನ ಮೇಲೆ ವೃತ್ತದೊಳಗೆ ‘ಇ’ ಅಕ್ಷರ, ಪಕ್ಕದಲ್ಲಿ ದೇಶದ ಸಂಖ್ಯೆ (ಜರ್ಮನಿಗೆ 1, ಬ್ರಿಟನ್ನಿಗೆ 11), ಡಿ ಮೌಲ್ಯ, ಕೊಂಡಿ ಹೊರಬಹುದಾದ ಭಾರ, ಇಷ್ಟೂ ಇರುವ ಫಲಕವೇ ಅದರ ಗುರುತು. ಬಾರಿನ ತಯಾರಕರು ಒಪ್ಪದ ಪ್ಲೇಟನ್ನು ನಡುವೆ ತುರುಕಿದರೆ ಆ ಫಲಕ ಹೇಳುವುದು ನಿಮ್ಮ ಗಾಡಿಯ ಬಗ್ಗೆ ಅಲ್ಲವೇ ಅಲ್ಲ. ಹಳೆಯ ಕಾರಿಗೆ ಈ ಕಟ್ಟು ಇಲ್ಲದಿರಬಹುದು. ಆದರೂ ವಾಹನವನ್ನು ಅಪಾಯಕಾರಿ ಸ್ಥಿತಿಯಲ್ಲಿ ಓಡಿಸುವುದು ಅಲ್ಲಿನ 1988ರ ರಸ್ತೆ ಸಂಚಾರ ಕಾಯ್ದೆಯ 40ಎ ಕಲಮಿನಲ್ಲಿ ಅಪರಾಧವೇ, ಅದಕ್ಕೆ ಕಾರಿನ ವಯಸ್ಸಿನ ಲೆಕ್ಕವಿಲ್ಲ. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತವಾದ ಮೇಲೆ ಹೇಗೆ ಹೊರಬರುತ್ತದೆಂದು ಹೇಳಬೇಕಿಲ್ಲ. ಅವರ ಪರಿಶೀಲಕರು ಮೊದಲು ಬಗ್ಗಿ ನೋಡುವುದೇ ಅಲ್ಲಿ.

ಇದರ ಜೊತೆಗೆ 2021ರ ಡಿಸೆಂಬರ್ 16ರಿಂದ ಬ್ರಿಟನ್ನಿನಲ್ಲಿ ಕಾರಿನ ಲೈಸೆನ್ಸ್ ಇದ್ದವರೆಲ್ಲ ಪ್ರತ್ಯೇಕ ಪರೀಕ್ಷೆಯಿಲ್ಲದೆ 3,500 ಕೆ.ಜಿ. ತನಕ ಎಳೆಯಬಹುದಾಗಿದೆ. ಕಲಿಸುವವರಿಲ್ಲದೆ ರಸ್ತೆಗಿಳಿದ ಹೊಸಬರು ಕಲಿಯುವುದು ವಿಡಿಯೊ ನೋಡಿ. ವಿಡಿಯೊಗಳಲ್ಲಿ ಬಹುಪಾಲು ಅಮೆರಿಕದವು. ಅಲ್ಲಿ ಚೌಕದ ಕೊಳವೆಗೆ ತೂರಿಸುವ, ಮೇಲೆ ಕೆಳಗೆ ಸರಿಸಬಹುದಾದ ಕೊಂಡಿಗಳು ಮಾಮೂಲು. ಒಂದೊಂದಕ್ಕೂ ಎಷ್ಟು ಭಾರವೆಂದು ನಮೂದಿಸಿಯೇ ಮಾರುತ್ತಾರೆ. ಕೊಂಡಿಯ ಮೇಲೆ ಹಾಕುವ ಭಾರವೂ ಅಲ್ಲಿ ಹೆಚ್ಚು, ಒಟ್ಟು ತೂಕದ ನೂರಕ್ಕೆ 10ರಿಂದ 15. ಬ್ರಿಟನ್ನಿನ ರೂಢಿ 5ರಿಂದ 7. ಒಂದು ಕಡೆಯ ಪದ್ಧತಿಯನ್ನು ಅರ್ಧ ಮಾತ್ರ ತಂದು ಇನ್ನೊಂದು ಕಡೆ ನೆಟ್ಟರೆ ಎರಡೂ ಕೆಡುತ್ತವೆ. ಅಷ್ಟೇಕೆ, ಅಮೆರಿಕದ ಎರಡಿಂಚಿನ ಬಾಲ್ 50.8 ಮಿ.ಮೀ., ಯುರೋಪಿನದು 50. ನೋಡಲು ಅವಳಿಗಳು, ಆದರೆ 50ರ ಕೊಂಡಿ ಎರಡಿಂಚಿನ ಬಾಲ್ ಮೇಲೆ ಸರಿಯಾಗಿ ಕೂರುವುದೇ ಇಲ್ಲ.

ಪ್ಲೇಟಿಗೆ ಮುಂಚೆ ನೋಡಬೇಕಾದದ್ದನ್ನು ನಿಮ್ಮ ಲೇಖನ ಹೇಳಬೇಕಿತ್ತು. ಖಾಲಿ ಕಾರಿನಲ್ಲಿ ಅಳೆದವರಿಗೆ ಬಾಲ್ ಯಾವಾಗಲೂ ಎತ್ತರವೆಂದೇ ಕಾಣುತ್ತದೆ. ಜನ, ಸಾಮಾನು, ಇಂಧನ ತುಂಬಿಸಿ, ಟೈರಿಗೆ ಭಾರಕ್ಕೆ ತಕ್ಕ ಗಾಳಿ ಹೊಡೆಸಿ, ಸಮತಟ್ಟು ಜಾಗದಲ್ಲಿ ಕ್ಯಾರವಾನ್ ಜೋಡಿಸಿ ಆಮೇಲೆ ಅಳೆದರೆ ಎಷ್ಟೋ ಸಲ ಸಮಸ್ಯೆಯೇ ಇರುವುದಿಲ್ಲ. ಕ್ಯಾರವಾನಿನ ಚಾಸಿಯ ಅಂಚು ಮುಂದೆ ಎಷ್ಟು, ಹಿಂದೆ ಎಷ್ಟು ಎತ್ತರದಲ್ಲಿದೆ ಎಂದು ಟೇಪ್ ಹಿಡಿದರೆ ಸಾಕು. ಮೂತಿ ಅತಿಯಾಗಿ ಬಗ್ಗಿದ್ದರೆ ಕಾರಿನ ಹಿಂದಿನ ಸ್ಪ್ರಿಂಗ್ ಸೋತಿದೆಯೇ ನೋಡಿಸಿ. ಆ ಕಾಯಿಲೆಗೆ ಕೊಂಡಿ ಎತ್ತರಿಸುವುದು ಔಷಧಿಯಲ್ಲ. ಹಂಸದ ಕುತ್ತಿಗೆಯಂತೆ ಬಾಗಿದ ಒಂದೇ ತುಂಡಿನ ಟೋ ಬಾಲ್ ಇದ್ದವರಿಗೆ ಪ್ಲೇಟಿನ ಮಾತೇ ಬರುವುದಿಲ್ಲ. ಅದನ್ನು ಕೊಯ್ದು ವೆಲ್ಡ್ ಮಾಡಿಕೊಡುತ್ತೇನೆನ್ನುವ ಗ್ಯಾರೇಜಿನಿಂದ ಕಾರನ್ನು ಆಗಲೇ ಹೊರಗೆ ತನ್ನಿ.

ಕ್ಯಾರವಾನನ್ನೇ ಎತ್ತರಿಸುವುದು ಇನ್ನೊಂದು ದಾರಿ. ಅಚ್ಚಿನ ತಯಾರಕರೇ ಕೊಡುವ ಎತ್ತರಿಸುವ ಬಿಡಿಭಾಗ ಸಿಕ್ಕರೆ ಸರಿ. ಇಲ್ಲದಿದ್ದರೆ ತೆಳ್ಳನೆಯ ಸತು ಲೇಪಿತ ಚಾಸಿಗೆ ಡ್ರಿಲ್ ಹಾಕುವುದನ್ನೂ ವೆಲ್ಡ್ ಮಾಡುವುದನ್ನೂ ಒಪ್ಪಲೇಬಾರದು.

ಈಗಾಗಲೇ ಪ್ಲೇಟ್ ಹಾಕಿಸಿಕೊಂಡಿರುವ ಓದುಗರಿಗಾಗಿಯಾದರೂ ಮುಂದಿನ ಪುರವಣಿಯಲ್ಲಿ ಒಂದು ತಿದ್ದುಪಡಿ ಪ್ರಕಟಿಸಬೇಕೆಂದು ಕೋರುತ್ತೇನೆ. ಬಾರಿನ ಫಲಕದ ಫೋಟೊ ತೆಗೆದು ತಯಾರಕರಿಗೆ ಕಳಿಸಿ, ಈ ಪ್ಲೇಟ್, ಇಷ್ಟು ಇಳಿತ, ಈ ಭಾರಕ್ಕೆ ಒಪ್ಪಿಗೆಯೇ ಎಂದು ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಲಿ. ಒಪ್ಪಿಗೆ ಬಂದರೆ ಆ ಕಾಗದದ ಒಂದು ಪ್ರತಿ ವಿಮೆಯವರಿಗೆ ಹೋಗಲಿ. ಉತ್ತರ ಬರುವವರೆಗೆ ಕ್ಯಾರವಾನ್ ನಿಂತಲ್ಲೇ ನಿಂತಿರಲಿ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಓದುಗ