ಭಾಯ್‌ಗೆ ಮತ್ತು ಜೊತೆಗೆ ನಿಂತ ಎಲ್ಲರಿಗೂ

ಏರಿನಲ್ಲಿ ಎಳೆಯದೆ ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆಸುತ್ತಿದ್ದ ನಮ್ಮ ಸೆಕೆಂಡ್ ಹ್ಯಾಂಡ್ ಡೀಸೆಲ್ ಕಾರು ಈ ಭಾನುವಾರ ಐದು ಜನರನ್ನು ಕೂರಿಸಿಕೊಂಡು, ಎಸಿ ಹಾಕಿಕೊಂಡೇ ದೇವರಾಯನದುರ್ಗದ ಏರು ಹತ್ತಿತು. ಕೊಂಡ ಕಥೆ, ಸುತ್ತಿದ ಗ್ಯಾರೇಜುಗಳ ಕಥೆ ನಿಮಗೆಲ್ಲ ಗೊತ್ತಿರುವುದೇ. ಅದನ್ನು ಬಿಟ್ಟು, ಯಾರಿಗೆ ಋಣಿ ಅನ್ನುವುದನ್ನೂ ತೊಂದರೆ ಎಲ್ಲಿ ಸಿಕ್ಕಿತು ಅನ್ನುವುದನ್ನೂ ಬರೆಯುತ್ತೇನೆ.

ಕೇಳುವ ಮೊದಲೇ ತಮ್ಮ ಕಾರಿನ ಕೀ ಕೊಟ್ಟ ಚಿಕ್ಕಪ್ಪ, ಕಾರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಕೊಟ್ಟು ವಾಪಸ್ ಕೇಳದ ಆಫೀಸಿನ ಗೆಳೆಯ, ರಾತ್ರಿ ಕಂಪ್ರೆಸರ್ ಬಿಟ್ಟುಕೊಟ್ಟ ಕ್ಯಾತಸಂದ್ರದ ಪಂಕ್ಚರ್ ಅಂಗಡಿಯವರು, ನಿಮಗೆಲ್ಲ ಮನಸಾರೆ ಧನ್ಯವಾದ.

ಇನ್ನು ಕಾರು ಸರಿಮಾಡಿದ ಮೆಕ್ಯಾನಿಕ್ ಭಾಯ್. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಗಾಗಿ ಭಾಯ್ ಅಂತಲೇ ಬರೆಯುತ್ತೇನೆ. ಎಲ್ಲರೂ "ಟರ್ಬೊ ಹೋಗಿದೆ, ಹೊಸದು ಹಾಕಿ" ಅನ್ನುತ್ತಿದ್ದಾಗ "ಮೊದಲು ಅಳೆಯೋಣ ಸಾರ್, ಬಿಚ್ಚೋದು ಆಮೇಲೆ" ಅಂದವರು ಇವರೊಬ್ಬರೇ. ಟರ್ಬೊ ಅಂದರೆ ಎಂಜಿನ್‌ಗೆ ಗಾಳಿಯನ್ನು ಒತ್ತಿ ತುಂಬುವ ಭಾಗ, ಹಾಗೆ ತುಂಬಿದ ಗಾಳಿಯ ಒತ್ತಡವೇ ಬೂಸ್ಟ್.

ಎಂಜಿನ್ 2,500 ಆರ್‌ಪಿಎಂ ದಾಟಿದರೆ ಎಳೆಯುವ ಶಕ್ತಿಯೇ ಸತ್ತುಹೋಗುತ್ತಿತ್ತು, ಹಿಂದೆ ಕಪ್ಪು ಹೊಗೆ. ಕೀ ಆಫ್ ಮಾಡಿ ಆನ್ ಮಾಡಿದರೆ ಸ್ವಲ್ಪ ಹೊತ್ತು ಸರಿ. ಸ್ಕ್ಯಾನರ್‌ನಲ್ಲಿ ಪಿ0299 ಕೋಡ್, ಅಂದರೆ ಬೂಸ್ಟ್ ಕಡಿಮೆ. ಬೇಕಾದಷ್ಟು ಒತ್ತಡ ಬರುತ್ತಿಲ್ಲ ಅಂತ ಮಾತ್ರ ಆ ಕೋಡ್ ಹೇಳುತ್ತದೆ, ಟರ್ಬೊ ಕೆಟ್ಟಿದೆ ಅಂತ ಹೇಳುವುದಿಲ್ಲ. ಇಷ್ಟನ್ನು ಬಿಡಿಸಿ ಹೇಳುವ ತಾಳ್ಮೆ ಬೇರೆ ಯಾರಿಗೂ ಇರಲಿಲ್ಲ.

ಭಾಯ್ ಮೊದಲು ಎಂಜಿನ್ ಸ್ಟಾರ್ಟ್ ಮಾಡದೆ ಕೀ ಮಾತ್ರ ಆನ್ ಮಾಡಿ, ಎಂಜಿನ್‌ಗೆ ಹೋಗುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ನೋಡಿದರು. ಆಗ ಅದು ಹೊರಗಿನ ಗಾಳಿಯ ಒತ್ತಡವನ್ನೇ, ಅಂದರೆ ತುಮಕೂರಿನ ಎತ್ತರಕ್ಕೆ ಸುಮಾರು 92 ಕಿಲೋಪಾಸ್ಕಲ್ ತೋರಿಸಬೇಕು, ತೋರಿಸಿತು. ಸೆನ್ಸರ್ ಸರಿ ಇದೆ. ಆಮೇಲೆ ಏರಿನಲ್ಲಿ ಮೂರನೇ ಗೇರ್, ಪೆಡಲ್ ಪೂರ್ತಿ. ರೈಲ್ ಪ್ರೆಶರ್, ಅಂದರೆ ಇಂಜೆಕ್ಟರ್‌ಗಳಿಗೆ ಹೋಗುವ ಡೀಸೆಲ್‌ನ ಒತ್ತಡ, ಎಂಜಿನ್ ಕಂಪ್ಯೂಟರ್ ಕೇಳಿದ್ದಕ್ಕೂ ಬಂದಿದ್ದಕ್ಕೂ ತಾಳೆಯಾಯಿತು. ಆದರೆ ಬೂಸ್ಟ್ 200 ಕಿಲೋಪಾಸ್ಕಲ್ ದಾಟಬೇಕಾದ ಕಡೆ 130ರಲ್ಲೇ ನಿಂತಿತ್ತು. "ಡೀಸೆಲ್ ಬರ್ತಿದೆ, ಗಾಳಿ ಬರ್ತಿಲ್ಲ." ಡೀಸೆಲ್ ಫಿಲ್ಟರ್, ಪಂಪ್‌ಗಳ ಮೇಲಿನ ಅನುಮಾನವೆಲ್ಲ ಅಲ್ಲಿಗೆ ಮುಗಿಯಿತು.

ಕೈ ಪಂಪಿನಿಂದ ಟರ್ಬೊದ ಬೂಸ್ಟ್ ಹೊಂದಿಸುವ ಆಕ್ಚುಯೇಟರ್‌ಗೆ ವ್ಯಾಕ್ಯೂಮ್ ಕೊಟ್ಟಾಗ ರಾಡ್ ಸರಾಗವಾಗಿ ಎಳೆದುಕೊಂಡು ಹಾಗೇ ನಿಂತಿತು. ಆದರೆ ಅದರ ವ್ಯಾಕ್ಯೂಮ್ ನಿಯಂತ್ರಿಸುವ ಸೊಲೆನಾಯ್ಡ್‌ನಿಂದ ಬರುವ ಸಣ್ಣ ಹೋಸ್ ತಿರುವಿನಲ್ಲಿ ಸೀಳಿತ್ತು. ಅದನ್ನು ಬದಲಿಸಿದ ಮೇಲೆ ಬೂಸ್ಟ್ 160ಕ್ಕೆ ಬಂತು, ಅಷ್ಟೇ. ಒಂದು ತೊಂದರೆ ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸುವುದರಿಂದಲೇ ಇಂಥ ಗಾಡಿಗಳು ಮತ್ತೆ ಮತ್ತೆ ಗ್ಯಾರೇಜಿಗೆ ಬರುತ್ತವೆ. ಭಾಯ್ ನಿಲ್ಲಿಸಲಿಲ್ಲ. ಟರ್ಬೊ ಬಾಯಿಯ ಪೈಪ್ ತೆಗೆದು ಶಾಫ್ಟ್ ಹಿಡಿದು ನೋಡಿದರು. ಅಕ್ಕಪಕ್ಕ ತುಸು ಅಲುಗಾಟ ಇರುತ್ತದೆ, ಬೇರಿಂಗ್ ಆಯಿಲ್ ಪದರದ ಮೇಲೆ ತಿರುಗುವುದರಿಂದ. ಹಿಂದೆ ಮುಂದೆ ಅಲುಗಾಡಬಾರದು, ರೆಕ್ಕೆ ಗೋಡೆಗೆ ಉಜ್ಜಿರಬಾರದು. ಎರಡೂ ಇರಲಿಲ್ಲ, ಅಂದರೆ ಟರ್ಬೊ ಚೆನ್ನಾಗಿತ್ತು.

ಆಗಲೇ ರಾತ್ರಿ ಹನ್ನೊಂದು. ಮರುದಿನ ಬೆಳಿಗ್ಗೆ ಅಪ್ಪನ ಡಯಾಲಿಸಿಸ್. ಹಿಂದಿನ ವಾರ ನೆಲಮಂಗಲದ ಹತ್ತಿರ, ಅಪ್ಪ ಹಿಂದಿನ ಸೀಟಿನಲ್ಲಿ ಒರಗಿದ್ದಾಗ, ಲಾರಿ ಓವರ್‌ಟೇಕ್ ಮಾಡುವ ಹೊತ್ತಿಗೆ ಸರಿಯಾಗಿ ಕಾರು ಕೈಕೊಟ್ಟಿತ್ತು. ಪೆಡಲ್ ನೆಲ ಮುಟ್ಟಿದರೂ ಮುಂದೆ ಹೋಗದ ಆ ಕ್ಷಣ ನೆನೆದರೆ ಈಗಲೂ ಹೊಟ್ಟೆಯೊಳಗೆ ನಡುಕ ಹುಟ್ಟುತ್ತದೆ. ಭಾಯ್‌ಗೆ ಇದು ಗೊತ್ತಿತ್ತು. "ಅಪ್ಪಾಜಿ ಬೆಳಿಗ್ಗೆ ಹೋಗಬೇಕಲ್ಲ ಸಾರ್, ಮುಗಿಸೇ ಹೋಗೋಣ" ಅಂದರು. ಅವರ ಮನೆಯಲ್ಲೂ ಚಿಕ್ಕ ಮಕ್ಕಳಿದ್ದಾರೆ, ಅವರ ಊಟವೂ ಆಗಿರಲಿಲ್ಲ.

ಗಾಳಿ ಎಲ್ಲಿ ಸೋರುತ್ತಿದೆ ಅಂತ ಹುಡುಕಲು ಪಿವಿಸಿ ಎಂಡ್ ಕ್ಯಾಪಿಗೆ ರಂಧ್ರ ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿದರು. ಅದನ್ನು ಟರ್ಬೊ ಬಾಯಿಗೆ ರಬ್ಬರ್ ಹೋಸಿನಿಂದ ಬಿಗಿದು, ಗೇಜ್ ನೋಡುತ್ತಾ 10 ಪಿಎಸ್‌ಐವರೆಗೆ ಗಾಳಿ ಬಿಟ್ಟು, ಜಾಯಿಂಟ್ ಜಾಯಿಂಟಿಗೂ ಸೋಪಿನ ನೀರು ಹಾಕಿದರು. ಟರ್ಬೊದಿಂದ ಬಂದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಹೋಸಿನ ಅಡಿಭಾಗದಲ್ಲಿ, ಕ್ಲ್ಯಾಂಪಿನ ಅಂಚಿಗೆ ಸರಿಯಾಗಿ, ನೊರೆ ಬುಸ್ಸನೆ ಉಕ್ಕಿತು. ಟಾರ್ಚ್ ಹಿಡಿದು ಕೆಳಗೆ ಮಲಗಿ ನೋಡಿದರೆ ಉಗುರಿನಷ್ಟು ಅಗಲದ ಸೀಳು, ಸುತ್ತ ಎಣ್ಣೆಯ ಜಿಡ್ಡು. ಹಿಂದೆ ಯಾರೋ ಸ್ಕ್ರೂ ಕ್ಲ್ಯಾಂಪನ್ನು ಅತಿಯಾಗಿ ಬಿಗಿದಿದ್ದರಿಂದ, ಆಯಿಲ್ ತಾಗಿ ಮೆತ್ತಗಾದ ರಬ್ಬರ್ ಕತ್ತರಿಸಿಹೋಗಿತ್ತು. ಎಂಜಿನ್ ಐಡ್ಲಿಂಗ್‌ನಲ್ಲಿ ಬೂಸ್ಟ್ ಇರುವುದೇ ಇಲ್ಲ, ಸೀಳು ಮುಚ್ಚಿಕೊಂಡಿರುತ್ತದೆ. ಲೋಡ್ ಬಿದ್ದಾಗಷ್ಟೇ ಬಾಯಿ ಬಿಡುತ್ತದೆ. ಗ್ಯಾರೇಜಿನಲ್ಲಿ ನಿಲ್ಲಿಸಿ ರೇಸ್ ಮಾಡಿ ನೋಡಿದವರಿಗೆ ಅದು ಸಿಗದಿದ್ದುದು ಇದಕ್ಕೇ.

ಆ ರಾತ್ರಿ ಹೋಸ್ ತುದಿಯ ಸೀಳಿದ ಭಾಗ ಕತ್ತರಿಸಿ ಮತ್ತೆ ಕೂರಿಸಿ ಕಳಿಸಿದರು. ಎರಡು ದಿನದ ಮೇಲೆ ಹೊಸ ಹೋಸ್, ಸ್ಪ್ರಿಂಗ್ ಕ್ಲ್ಯಾಂಪ್ ಹಾಕಿದರು. ಪೈಪಿನ ತುದಿಯ ಎಣ್ಣೆ ಪೂರ್ತಿ ಒರೆಸಿಯೇ ಹಾಕಬೇಕು, ಇಲ್ಲದಿದ್ದರೆ ಒತ್ತಡಕ್ಕೆ ಹೋಸ್ ಜಾರಿ ಕಳಚುತ್ತದೆ. ಈಗ ಬೂಸ್ಟ್ 210.

ಭಾಯ್, ಅಪ್ಪ ನಿಮ್ಮನ್ನು ಊಟಕ್ಕೆ ಕರೆದಿದ್ದಾರೆ, ಮನೆಯವರನ್ನೂ ಮಕ್ಕಳನ್ನೂ ಕರೆದುಕೊಂಡೇ ಬರಬೇಕು.

ಆ ಪಿವಿಸಿ ಕ್ಯಾಪನ್ನು ಭಾಯ್ ನನ್ನ ಹತ್ತಿರವೇ ಬಿಟ್ಟಿದ್ದಾರೆ. ಬೇಕಾದವರು ಟರ್ಬೊ ಬಾಯಿಯ ಅಳತೆ ತೆಗೆದುಕೊಂಡು ಬನ್ನಿ. ಪರೀಕ್ಷೆ ಮಾಡುವಾಗ ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪ್ ಮುಚ್ಚಿಕೊಳ್ಳಿ, ಗೇಜ್ ಇಲ್ಲದೆ ಮಾತ್ರ ಗಾಳಿ ಬಿಡಬೇಡಿ, ಸೀಲುಗಳು ಕಿತ್ತುಹೋಗುತ್ತವೆ.