ಎಡಿನ್‌ಬರೋ ಲಾಡ್ಜಿನ ಚರಿತ್ರೆ ಅಚ್ಚಿಗೆ ಹೋದ ಸಂದರ್ಭದಲ್ಲಿ

ಎಡಿನ್‌ಬರೋ ನಗರದ ಅತ್ಯಂತ ಹಳೆಯ ಫ್ರೀಮೇಸನ್ ಲಾಡ್ಜ್ (ಕಲ್ಲುಕೆಲಸಗಾರರ ಕೂಟಗಳಿಂದ ಬೆಳೆದು, ಗುಟ್ಟಿನ ಆಚರಣೆಗಳಿಗೆ ಹೆಸರಾದ ಸಹೋದರ ಸಂಘದ ಸ್ಥಳೀಯ ಘಟಕ) ಆದ ‘ಮೇರೀಸ್ ಚಾಪೆಲ್’ನ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುವ ಕೆಲಸ ಕೊನೆಗೂ ಮುಗಿದು, ಹಸ್ತಪ್ರತಿ ಅಚ್ಚಿಗೆ ಹೋಗಿದೆ. ಇದು ಒಬ್ಬರಿಂದ ಆಗುವ ಕೆಲಸವಲ್ಲ. ನೆರವಾದವರನ್ನು ಇಲ್ಲಿ ನೆನೆಯುತ್ತೇನೆ. ಜೀವಂತವಿರುವವರ ಹೆಸರುಗಳನ್ನು ಅವರ ಇಚ್ಛೆಯಂತೆಯೇ ಬಿಟ್ಟಿದ್ದೇನೆ.

ಮೊದಲ ವಂದನೆ ಲಾಡ್ಜಿನ ನಡವಳಿ ಪುಸ್ತಕವನ್ನು ತಲೆಮಾರುಗಳ ಕಾಲ ಬರೆದು ಕಾಪಾಡಿದ ಗುಮಾಸ್ತರಿಗೆ ಸಲ್ಲಬೇಕು. ರಾಜ ಆರನೆಯ ಜೇಮ್ಸನ ಕಟ್ಟಡ ಕಾಮಗಾರಿಗಳ ಮೇಲಧಿಕಾರಿಯಾಗಿದ್ದ ವಿಲಿಯಂ ಷಾ 1598ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ಕಲ್ಲುಕೆಲಸಗಾರರಿಗೆ ಕಟ್ಟಳೆಗಳನ್ನು ಹೊರಡಿಸಿದ. 1599ರ ಜುಲೈ 31ರಿಂದ ಈ ಲಾಡ್ಜಿನ ನಡವಳಿಗಳು ಉಳಿದುಬಂದಿವೆ. ಗುಟ್ಟು ಹುಡುಕುತ್ತ ಬಂದವರಿಗೆ ಆ ಮೊದಲ ನಡವಳಿ ನಿರಾಸೆ ತರುತ್ತದೆ. ಜಾರ್ಜ್ ಪೇಟನ್ ಎಂಬ ಕಲ್ಲುಕೆಲಸಗಾರ, ಕಸುಬನ್ನು ಕ್ರಮವಾಗಿ ಕಲಿಯದ ‘ಕೋವನ್’ ಒಬ್ಬನನ್ನು ಹೊಗೆಗೂಡಿನ ಮೇಲ್ತುದಿಯ ಕೆಲಸಕ್ಕೆ ಎರಡೂವರೆ ದಿನ ಹಚ್ಚಿದ್ದ. ಸಿಕ್ಕಿಬಿದ್ದಾಗ ತಪ್ಪೊಪ್ಪಿಕೊಂಡು, ಡೀಕನ್ (ಕಸುಬಿನ ಕೂಟದ ಮುಖ್ಯಸ್ಥ) ಮತ್ತು ಮೇಸ್ತ್ರಿಗಳು ಹಾಕುವ ದಂಡಕ್ಕೆ ಒಪ್ಪಿ ನಿಂತ. ಅವನ ವಿನಯವನ್ನೂ ಸ್ಥಿತಿಗತಿಯನ್ನೂ ನೋಡಿ ಅವರು ಕ್ಷಮಿಸಿದರು; ಆದರೆ ಮುಂದೆ ಅವನಾಗಲಿ ಬೇರೆ ಯಾವ ಸಹೋದರನಾಗಲಿ ಹೀಗೆ ಮಾಡಿದರೆ ಮುಖ ನೋಡದೆ ಕಾನೂನು ಜಾರಿಯಾಗುತ್ತದೆಂದು ಬರೆಸಿಟ್ಟರು. ನನ್ನ ಮಟ್ಟಿಗೆ ಇಡೀ ಪುಸ್ತಕದ ಬೇರು ಈ ಸಣ್ಣ ವ್ಯಾಜ್ಯದಲ್ಲಿದೆ: ಲಾಡ್ಜ್ ಎಂಬುದು ಮೊದಲು ಕೂಲಿ, ಕಲಿಕೆ, ಕಸುಬಿನ ಮರ್ಯಾದೆಗಳನ್ನು ಕಾಯುತ್ತಿದ್ದ ಕೂಟ.

ಆ ಕಾಲದ ಸ್ಕಾಟ್ಸ್ ಕೈಬರಹವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ ಓದುವುದನ್ನು ಹೇಳಿಕೊಟ್ಟ ನಿವೃತ್ತ ಅಧ್ಯಾಪಕಿಗೆ ನಾನು ಎಷ್ಟು ಋಣಿಯೆಂದು ಹೇಳಿ ತೀರಿಸಲಾರೆ. ಊಹಿಸಿ ಓದಿದ ಪದವನ್ನು ಅವರು ಒಮ್ಮೆಯೂ ಒಪ್ಪಲಿಲ್ಲ. ಹಾಗೆಯೇ, ಎಡಿನ್‌ಬರೋದ ಹಳೆಯ ಮನೆಗಳನ್ನು ದುರಸ್ತಿ ಮಾಡುವ ಕಲ್ಲುಕೆಲಸದ ಹಿರಿಯರೊಬ್ಬರು, ಮಳೆಗಾಳಿಗೆ ನೇರವಾಗಿ ಮೈಯೊಡ್ಡಿರುವ ಹೊಗೆಗೂಡಿನ ತುದಿಯನ್ನು ಅನುಭವವಿಲ್ಲದವರ ಕೈಗೆ ಕೊಟ್ಟರೆ ಬೀದಿಯಲ್ಲಿ ನಡೆಯುವವರ ತಲೆಗೇ ಅಪಾಯವೆಂದು ವಿವರಿಸಿದ ಮೇಲೆ, ಪೇಟನ್ ಪ್ರಕರಣವನ್ನು ಬರಿಯ ಗುಂಪುಗಾರಿಕೆಯೆಂದು ನೋಡುವುದು ನನ್ನಿಂದ ಸಾಧ್ಯವಾಗಲಿಲ್ಲ.

ಈ ದಾಖಲೆಗಳನ್ನು ಆಧರಿಸಿ 1873ರಲ್ಲಿ ಲಾಡ್ಜಿನ ಚರಿತ್ರೆಯನ್ನು ಪ್ರಕಟಿಸಿದ ಡೇವಿಡ್ ಮರ್ರೆ ಲಯನ್ ಅವರ ದಾರಿ ನನಗಿಂತ ಮುಂಚೆಯೇ ಸವೆದಿತ್ತು ಎಂಬುದನ್ನು ಮರೆಯುವಂತಿಲ್ಲ.

ಕರಡನ್ನು ಓದಿ ನಿಷ್ಠುರವಾಗಿ ಟಿಪ್ಪಣಿ ಬರೆದ ಮಿತ್ರರಿಗೆ ವಿಶೇಷ ವಂದನೆ. ‘ಅತ್ಯಂತ ಹಳೆಯದು’ ಎಂಬ ಮಾತನ್ನು ನಗರದ ಗಡಿ ದಾಟಿಸಬಾರದೆಂದು ಹಟ ಹಿಡಿದವರು ಅವರೇ. ಸ್ಕಾಟ್ಲೆಂಡಿನದೇ ಆದ ಐಚಿಸನ್ಸ್ ಹೇವನ್ ಲಾಡ್ಜಿನ ನಡವಳಿಗಳು ಅದೇ 1599ರ ಜನವರಿಯಿಂದಲೇ ಸಿಗುತ್ತವೆ. ಹಿರಿತನದ ಪಟ್ಟಿಯಲ್ಲಿ ತನಗೆ ಎರಡನೆಯ ಸ್ಥಾನ ಸಿಕ್ಕಿತೆಂದು ಮುನಿದು 1743ರಲ್ಲಿ ಸ್ಕಾಟ್ಲೆಂಡಿನ ಲಾಡ್ಜುಗಳ ಕೇಂದ್ರ ಸಂಸ್ಥೆಯಾದ ಗ್ರ್ಯಾಂಡ್ ಲಾಡ್ಜಿನಿಂದ ಹೊರನಡೆದ ಕಿಲ್ವಿನ್ನಿಂಗ್ ಲಾಡ್ಜ್, 1807ರಲ್ಲಿ ಮರಳಿದಾಗ ಸೊನ್ನೆಯ ಸಂಖ್ಯೆ ಪಡೆಯಿತು; ಮೇರೀಸ್ ಚಾಪೆಲ್ ಒಂದನೆಯದಾಗಿಯೇ ಉಳಿಯಿತು. ಸಂಖ್ಯೆಯ ಜಗಳಕ್ಕೆ ಇದಕ್ಕಿಂತ ಜಾಣ ರಾಜಿ ನಾನು ಬೇರೆಲ್ಲೂ ಕಂಡಿಲ್ಲ.

ಕಸುಬಿನವರ ಕೂಟದೊಳಗೆ ಕಸುಬಿಲ್ಲದವರು ಹೇಗೆ ಬಂದರು ಎಂಬ ಅಧ್ಯಾಯಕ್ಕೆ ಗ್ರಂಥಾಲಯದ ಸಿಬ್ಬಂದಿ ನೀಡಿದ ನೆರವು ದೊಡ್ಡದು. ಸ್ಕಾಟ್ ಸೈನ್ಯ ಇಂಗ್ಲೆಂಡಿನ ನ್ಯೂಕಾಸಲ್‌ನಲ್ಲಿ ಬೀಡುಬಿಟ್ಟಿದ್ದಾಗ, 1641ರ ಮೇ 20ರಂದು, ಸೈನ್ಯದೊಂದಿಗಿದ್ದ ಈ ಲಾಡ್ಜಿನ ಸದಸ್ಯರು ರಾಬರ್ಟ್ ಮೊರೆಯನ್ನು ಸೇರಿಸಿಕೊಂಡರು. ಮುಂದೆ ಲಂಡನ್ನಿನ ವಿಜ್ಞಾನ ಸಂಸ್ಥೆಯಾದ ರಾಯಲ್ ಸೊಸೈಟಿ ಕಟ್ಟಿದವರಲ್ಲಿ ಆತನೂ ಒಬ್ಬ.

ಇದೇ ಲಾಡ್ಜಿನ ಕೂಲಿ ಕಲ್ಲುಕೆಲಸಗಾರರು ಮೇಸ್ತ್ರಿಗಳೊಂದಿಗೆ ಜಗಳವಾಡಿ ಹೊರಬಂದು, 1715ರ ಪಂಚಾಯಿತಿ ತೀರ್ಪಿನಿಂದ ತಮ್ಮದೇ ಲಾಡ್ಜ್ ನಡೆಸುವ ಹಕ್ಕು ಗಳಿಸಿದ ಪ್ರಸಂಗಕ್ಕೆ ಕರಡಿನಲ್ಲಿ ಒಂದೇ ಪುಟವಿತ್ತು. ಅದಕ್ಕೊಂದು ಪೂರ್ಣ ಅಧ್ಯಾಯ ಬೇಕೆಂದು ಒತ್ತಾಯಿಸಿದ ಸಂಪಾದಕಿಯವರಿಗೂ, ಆ ಅಧ್ಯಾಯಕ್ಕಾಗಿ ಅಚ್ಚಿನ ವೇಳಾಪಟ್ಟಿಯನ್ನೇ ಮುಂದಕ್ಕೆ ಹಾಕಿದ ಪ್ರಕಾಶಕರಿಗೂ ಕೃತಜ್ಞತೆಗಳು. ಕೂಲಿಕಾರರ ಪರವಾಗಿ ಬಂದ ಆ ತೀರ್ಪನ್ನು ಈಗ ಪುಸ್ತಕದಲ್ಲಿ ಪೂರ್ತಿಯಾಗಿ ಚರ್ಚಿಸಲಾಗಿದೆ.